ಸೆರೆಮನೆಯ ಬರಹ ಮತ್ತು ನಮ್ಮ ಮೌನ

ಶ್ರೀಮಠದ ಆಶ್ರಯದಲ್ಲಿ ನಡೆದುಬಂದ ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಹಳೆಯ ವಿದ್ಯಾರ್ಥಿಯಾದ ನನಗೆ ಸಂತೋಷವೂ ಅಳುಕೂ ಒಮ್ಮೆಲೇ ಉಂಟಾದವು. ಗುರುಗಳ ಅಂತಃಕರಣ, ಪ್ರಸಾದನಿಲಯದ ಪಂಕ್ತಿಯಲ್ಲಿ ಉಂಡ ಜೋಳದ ನುಚ್ಚು, ಸಂಜೆಯ ಸಾಮೂಹಿಕ ಪ್ರಾರ್ಥನೆ, ಇವುಗಳನ್ನು ನನಗಿಂತ ಸೊಗಸಾಗಿ ನೆನೆಯಬಲ್ಲವರು ಈ ಸಂಚಿಕೆಯಲ್ಲಿ ಅನೇಕರಿದ್ದಾರೆ. ಆದಕಾರಣ ಆ ಸವಿನೆನಪುಗಳ ಭಾರವನ್ನು ಅವರಿಗೇ ಬಿಟ್ಟು, ಬಹುಕಾಲದಿಂದ ನನ್ನ ಮನಸ್ಸಿನಲ್ಲಿ ಸಾಲದಂತೆ ಉಳಿದಿರುವ ಒಂದು ಸಂಗತಿಯನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಸೆರೆಮನೆಯ ಒಳಗಿದ್ದೂ ಬರೆದವರ ಧೈರ್ಯದ ಮಾತು ಅದು; ಹೊರಗಿದ್ದೂ ಅಂಜಿದ ಒಬ್ಬ ಶಿಕ್ಷಕನ ಮಾತೂ ಹೌದು. ಆ ಶಿಕ್ಷಕನು ನಾನೇ.

ಗೊರೇಬಾಳದ ನಮ್ಮ ಮನೆಯಲ್ಲಿ ನಾನು ಬಾಲ್ಯದಲ್ಲಿ ಕಂಡ ಒಂದು ವಿಚಿತ್ರ ಪದ್ಧತಿಯಿಂದಲೇ ಆರಂಭಿಸುವುದು ಯೋಗ್ಯ. ನಮ್ಮ ತಂದೆಯವರು ಒಕ್ಕಲುತನದವರು; ನಾಲ್ಕಕ್ಷರ ಬಲ್ಲವರು. ಪಡಸಾಲೆಯಲ್ಲಿ ನೆರೆಹೊರೆಯವರೊಡನೆ ಮಳೆ, ಬೆಳೆ, ಎತ್ತು, ಸಂತೆ ಎಂದು ದೊಡ್ಡ ದನಿಯಲ್ಲಿ ಮಾತನಾಡುತ್ತಿದ್ದ ಅವರು, ಸರಕಾರದ ವಿಷಯ ಬಂದ ಕೂಡಲೇ ಎದ್ದು ಹೋಗಿ ತಲಬಾಗಿಲನ್ನು ಮುಂದೆ ಮಾಡಿ ಬರುತ್ತಿದ್ದರು. ನಿಜಾಮರ ಆಳಿಕೆ ಮುಗಿದು ಹತ್ತು ಹನ್ನೆರಡು ವರ್ಷಗಳಾಗಿದ್ದರೂ ಆ ರೂಢಿ ಅವರನ್ನು ಬಿಟ್ಟಿರಲಿಲ್ಲ. ನಾನು ಶಾಲೆಯಲ್ಲಿ ಕಲಿತ ರಾಷ್ಟ್ರಗೀತೆಯನ್ನು ಗಟ್ಟಿಯಾಗಿ ಹಾಡಿದರೆ, "ಮೆಲ್ಲಗಪಾ, ಹೊರಗ ಯಾರರ ಇದ್ದಾರು" ಎನ್ನುತ್ತಿದ್ದರು. ನಾವು ಮಕ್ಕಳು ಒಳಗೊಳಗೇ ನಗುತ್ತಿದ್ದೆವು. ಅದು ನಗುವ ವಿಷಯವಲ್ಲವೆಂಬುದು ತಿಳಿಯಲು ನನಗೆ ಬಹಳ ವರ್ಷಗಳು ಬೇಕಾದವು.

ನಮ್ಮ ರಾಯಚೂರು ಜಿಲ್ಲೆಯು 1948ರ ಸೆಪ್ಟೆಂಬರ್ 17ರವರೆಗೆ ಹೈದರಾಬಾದಿನ ನಿಜಾಮರ ಆಡಳಿತದಲ್ಲಿತ್ತೆಂಬುದು ಎಲ್ಲರಿಗೂ ತಿಳಿದ ವಿಷಯ. ಆ ಆಡಳಿತದಲ್ಲಿ ಹತ್ತು ಜನ ಕೂಡಿ ಸಭೆ ಮಾಡುವುದೂ ಅಪರಾಧವಾಗಬಹುದಾಗಿತ್ತು. 'ಗಸ್ತಿ ನಿಶಾನ್ 53' ಎಂದು ಹೆಸರಾದ ಸುತ್ತೋಲೆಯು ಪೂರ್ವಾನುಮತಿಯಿಲ್ಲದ ಸಭೆ ಸಮಾರಂಭಗಳನ್ನು ನಿರ್ಬಂಧಿಸಿತ್ತು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಎಂಬ ಸಂಸ್ಥೆಯು ಇನ್ನೂ ವಿಧ್ಯುಕ್ತವಾಗಿ ಕಣ್ತೆರೆಯುವ ಮೊದಲೇ, 1938ರಲ್ಲಿ, ಅದರ ಮೇಲೆ ನಿಷೇಧ ಬಂದಿತು. ಆ ನಿಷೇಧ ತೆರವಾದದ್ದು 1946ರಲ್ಲಿ. ಇನ್ನು ಪತ್ರಿಕೆಗಳ ಗತಿಯನ್ನು ಹೇಳುವುದಾದರೆ, 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಸಂಪಾದಕರಾಗಿದ್ದ ಶೋಯಬುಲ್ಲಾ ಖಾನ್ ಅವರ ಕಥೆಯೊಂದೇ ಸಾಕು. ಹೈದರಾಬಾದು ಭಾರತದೊಡನೆ ಕೂಡಬೇಕೆಂದು ಅವರು ಬರೆದರು. ರಜಾಕಾರರ ಅತ್ಯಾಚಾರಗಳನ್ನು ಖಂಡಿಸಿದರು. 1948ರ ಆಗಸ್ಟ್ ತಿಂಗಳ ಒಂದು ರಾತ್ರಿ, ಕಚೇರಿಯ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಆ ತರುಣನನ್ನು ಕೊಂದರು. ಬರೆಯುವ ಕೈಯನ್ನೇ ಕಡಿದರು. ಅವರಿಗಾಗ ಮೂವತ್ತು ವರ್ಷವೂ ತುಂಬಿರಲಿಲ್ಲ. ಅದಾಗಿ ಒಂದು ತಿಂಗಳೊಳಗೆ ಅವರು ಬಯಸಿದ ದಿನ ಬಂದಿತು. ಅದನ್ನು ನೋಡಲು ಅವರಿರಲಿಲ್ಲ. ತಲಬಾಗಿಲು ಮುಂದೆ ಮಾಡುತ್ತಿದ್ದ ನಮ್ಮ ತಂದೆಯವರ ಕೈ ಇಂಥ ಕಾಲದಲ್ಲಿ ಅಂಜಿಕೆಯನ್ನು ಕಲಿತದ್ದು.

ಅದೇ ನಿಜಾಮರ ರಾಜ್ಯದ ತೆಲುಗು ಸೀಮೆಯಲ್ಲಿ ದಾಶರಥಿ ಕೃಷ್ಣಮಾಚಾರ್ಯರೆಂಬ ಕವಿಗಳಿದ್ದರು. ಅವರನ್ನು ಹಿಡಿದು ನಿಜಾಮಾಬಾದಿನ ಸೆರೆಮನೆಯಲ್ಲಿಟ್ಟಾಗ ಅವರಿಗೆ ಇಪ್ಪತ್ತೆರಡು ಇಪ್ಪತ್ಮೂರರ ಪ್ರಾಯ. ಅವರು ಇದ್ದಲಿಯ ಚೂರನ್ನೇ ಲೇಖನಿ ಮಾಡಿಕೊಂಡು ಸೆರೆಮನೆಯ ಗೋಡೆಯ ಮೇಲೆ ಪದ್ಯಗಳನ್ನು ಬರೆದರೆಂಬುದು ಆ ನಾಡಿನಲ್ಲಿ ಮನೆಮಾತಾಗಿದೆ. ಇದ್ದಲಿಯ ಬರಹವೆಂದರೆ ಅಂಗೈಯಿಂದ ಒರೆಸಿದರೆ ಹೋಗುವಂಥದು. ನಮ್ಮೂರಿಗೆ ದೂರವಲ್ಲದ ಮಸ್ಕಿಯ ಬಂಡೆಯನ್ನು ಇಲ್ಲಿ ನೆನೆಯಬಾರದೇ? 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿಯೇ ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನ ಹೆಸರು ಮೊದಲ ಸಲ ದೊರೆಯಿತು. ಚಕ್ರವರ್ತಿಗೆ ಬಂಡೆಯುಂಟು, ಉಳಿಯುಂಟು, ಕಾವಲುಗಾರರುಂಟು. ಆತನ ಮಾತು ಎರಡು ಸಾವಿರ ವರ್ಷಗಳಿಗೂ ಮಿಕ್ಕು ಉಳಿದುದು ಸಹಜವೇ. ಆದರೆ ಇದ್ದಲಿಯಲ್ಲಿ ಬರೆದ ಕೈದಿಯ ಮಾತೂ ಉಳಿಯಿತಲ್ಲ! ಅದನ್ನು ಉಳಿಸಿದ್ದು ಗೋಡೆಯಲ್ಲ, ಜನರ ನಾಲಗೆ. ಆತನನ್ನು ಬಂಧಿಸಿದ ರಾಜ್ಯವಿಂದು ನಕ್ಷೆಯಲ್ಲಿಲ್ಲ.

ಕನ್ನಡದವರೇನೂ ಈ ಸಾಲಿನಲ್ಲಿ ಹಿಂದುಳಿದವರಲ್ಲ. 1932ರಲ್ಲಿ ಪ್ರಕಟವಾದ 'ಗರಿ' ಸಂಕಲನದಲ್ಲಿಯ 'ನರಬಲಿ' ಎಂಬ ಒಂದು ಕವಿತೆಗಾಗಿ ದ. ರಾ. ಬೇಂದ್ರೆಯವರನ್ನು ಆಂಗ್ಲ ಸರಕಾರವು ಸೆರೆಗೆ ಕಳುಹಿತು. ಬಳಿಕ ಧಾರವಾಡದ ಬಳಿಯ ಮುಗದ ಎಂಬ ಹಳ್ಳಿಯಲ್ಲಿ ನಿರ್ಬಂಧದಲ್ಲಿರಿಸಿತು. ಶಾಲೆಯಲ್ಲಿ ಪಾಠ ಹೇಳಿ ಸಂಸಾರ ಸಾಗಿಸುತ್ತಿದ್ದ ಆ ಮಹನೀಯರು ಮುಂದೆ ಬಹುಕಾಲ ಸ್ಥಿರವಾದ ನೌಕರಿಯಿಲ್ಲದೆ ಬಳಲಿದರು. 1973ರ ಜ್ಞಾನಪೀಠ ಪ್ರಶಸ್ತಿಯ ಹೊತ್ತಿಗೆ ಅವರನ್ನು ಹೊಗಳಿದ ನಾವು, ಒಂದು ಕವಿತೆಗೆ ಒಬ್ಬ ಬಡ ಶಿಕ್ಷಕನು ತೆತ್ತ ಬೆಲೆಯೆಷ್ಟೆಂಬುದನ್ನು ಲೆಕ್ಕ ಹಾಕಲಿಲ್ಲ. 1942ರ ಚಳವಳಿಯಲ್ಲಿ ಸೆರೆಮನೆ ಕಂಡ ಬಸವರಾಜ ಕಟ್ಟೀಮನಿಯವರನ್ನು ತೆಗೆದುಕೊಳ್ಳಿರಿ. ಪರಕೀಯ ಸರಕಾರಕ್ಕೆ ಅಂಜದ ಅವರ ಲೇಖನಿ ಸ್ವಕೀಯರ ಲೋಪಗಳ ಮುಂದೆಯೂ ಬಾಗಲಿಲ್ಲ. 'ಜರತಾರಿ ಜಗದ್ಗುರು' ಎಂಬ ಕಾದಂಬರಿಯಲ್ಲಿ ಮಠೀಯ ಜೀವನದ ಕುಂದುಗಳನ್ನೂ ಅವರು ಎತ್ತಿ ಆಡಿದರು. ಆ ಪುಸ್ತಕವನ್ನು ನಾನು ಓದಿದ್ದು ಎಲ್ಲಿ ಬಲ್ಲಿರಾ? ಮಠದವರೇ ನಡೆಸುವ ಈ ನಮ್ಮ ಶಾಲೆಯಲ್ಲಿ, ಒಬ್ಬ ಗುರುಗಳು ತಮ್ಮ ಸ್ವಂತ ಪ್ರತಿಯನ್ನು ಕೈಗಿತ್ತಾಗ. "ಓದು, ಓದಿ ನಿನಗೇನನಿಸಿತು ಹೇಳು" ಎಂದಷ್ಟೇ ಅವರು ಹೇಳಿದ್ದರು. ಇಂಥ ಗುರುಗಳ ಕೈಯಲ್ಲಿ ಕಲಿತವನು ನಾನು. ಆದ್ದರಿಂದಲೇ ಮುಂದೆ ಹೇಳಲಿರುವ ತಪ್ಪು ನನಗೆ ಇಮ್ಮಡಿಯಾಗಿ ತೋರುತ್ತದೆ.

ಶಿಕ್ಷಕ ತರಬೇತಿಯನ್ನು ಮುಗಿಸಿ ನಾನು ಬೇರೊಂದು ಊರಿನ ಪ್ರೌಢಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಆ ಊರಿನ ಹೆಸರು ಇಲ್ಲಿ ಅನಾವಶ್ಯಕ. ಕನ್ನಡ ವಿಷಯದ ಜೊತೆಗೆ ಶಾಲೆಯ ಭಿತ್ತಿಪತ್ರಿಕೆಯ ಹೊಣೆಯೂ ನನ್ನದಾಗಿತ್ತು. ದೊಡ್ಡ ರಟ್ಟಿನ ಹಾಳೆಯ ಮೇಲೆ ಮಕ್ಕಳು ಬರೆದ ಕತೆ, ಕವಿತೆ, ಪ್ರಬಂಧಗಳನ್ನು ಅಂಟಿಸಿ, ಕಚೇರಿಯ ಹೊರಗೋಡೆಗೆ ತೂಗುಹಾಕುವುದು ಕ್ರಮ. 1976ರ ಸ್ವಾತಂತ್ರ್ಯ ದಿನೋತ್ಸವಕ್ಕಾಗಿ ಒಂದು ವಿಶೇಷ ಸಂಚಿಕೆಯನ್ನು ಸಿದ್ಧಪಡಿಸಬೇಕಾಗಿತ್ತು.

ಅದು ತುರ್ತು ಪರಿಸ್ಥಿತಿಯ ಕಾಲ. 1975ರ ಜೂನ್ 25ರಂದು ಆರಂಭವಾಗಿ 1977ರ ಮಾರ್ಚ್ 21ರವರೆಗೆ ನಡೆದ ಆ ಅವಧಿಯಲ್ಲಿ ಪತ್ರಿಕೆಗಳ ಮೇಲೆ ಪೂರ್ವಪರಿಶೀಲನೆಯ ಕಡಿವಾಣವಿತ್ತು. ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಕಾನೂನು ಬಿಗಿಯಾಗಿತ್ತು. ಆದರೆ ನಮ್ಮಂಥ ಹಳ್ಳಿಗಾಡಿನ ಶಾಲೆಗೆ ಇದಾವುದರ ನೇರವಾದ ಬಿಸಿ ತಾಗಿರಲಿಲ್ಲವೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಗೋಡೆಗಳ ಮೇಲೆ ಇಪ್ಪತ್ತು ಅಂಶಗಳ ಕಾರ್ಯಕ್ರಮವನ್ನು ಬರೆಸಿದ್ದರು, ಅಷ್ಟೆ. ಆ ಕಾರ್ಯಕ್ರಮದ ಒಂದು ಅಂಶವು ಜೀತ ಪದ್ಧತಿಯ ನಿರ್ಮೂಲನವಾಗಿತ್ತು. 1975ರ ಅಕ್ಟೋಬರ್‌ನಲ್ಲಿ ಅದಕ್ಕಾಗಿ ಸುಗ್ರೀವಾಜ್ಞೆಯಾಗಿ, 1976ರಲ್ಲಿ ಅದು ಕಾಯಿದೆಯ ರೂಪವನ್ನೂ ತಾಳಿತ್ತು. ಕಾಯಿದೆ ಒಳ್ಳೆಯದೇ, ಅದರ ಬಗ್ಗೆ ಎರಡು ಮಾತಿಲ್ಲ.

ಒಂಬತ್ತನೆಯ ತರಗತಿಯ ಒಬ್ಬ ಹುಡುಗ, ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದವನು, ಅರ್ಧ ಹಾಳೆಯ ಒಂದು ಪ್ರಬಂಧವನ್ನು ತಂದುಕೊಟ್ಟ. ಅದರ ತಲೆಬರಹ 'ನಮ್ಮ ಅಣ್ಣ' ಎಂದು. ಅದರ ನಾಲ್ಕು ವಾಕ್ಯಗಳು ನನಗಿಂದಿಗೂ ಬಾಯಿಪಾಠವಾಗಿವೆ: "ಜೀತ ಹೋಯಿತು ಎಂದು ಪೇಪರಿನಲ್ಲಿ ಬಂದಿದೆ. ನಮ್ಮ ಅಣ್ಣ ಧಣಿಯರ ಮನೆಯಲ್ಲಿ ಇನ್ನೂ ದನ ಕಾಯುತ್ತಾನೆ. ಅವನಿಗೆ ಓದಲಿಕ್ಕೆ ಬರುವುದಿಲ್ಲ. ಅದಕ್ಕೆ ಅವನಿಗೆ ಗೊತ್ತಾಗಿಲ್ಲ."

ಇಷ್ಟು ಸತ್ಯವಾದ, ಇಷ್ಟು ಸರಳವಾದ ಕನ್ನಡವನ್ನು ನಾನು ನನ್ನ ಸೇವಾವಧಿಯಲ್ಲಿ ಮತ್ತೊಮ್ಮೆ ಕಂಡಿಲ್ಲ. ಆದರೆ ಅಂದು ನನ್ನ ಕಣ್ಣು ಕನ್ನಡವನ್ನು ಕಾಣಲಿಲ್ಲ. 'ಧಣಿಯರು' ಎಂಬ ಪದವನ್ನು ಕಂಡಿತು. ಆ ಊರಿನ ಶಾಲೆಯ ಎರಡು ಕೋಣೆಗಳಿಗೆ ತಗಡು ಹೊದಿಸಿಕೊಟ್ಟವರು ಅವರೇ. ಧ್ವಜವಂದನೆಗೆ ಬಂದು ಮುಂದಿನ ಕುರ್ಚಿಯಲ್ಲಿ ಕೂಡುವವರು ಅವರೇ. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ತಂಗಿಯ ಮದುವೆಯ ಸಾಲ ತಲೆಯ ಮೇಲಿತ್ತು. ಪೊಲೀಸರು ಬಂದು ಕೇಳಲಿಲ್ಲ. ಮುಖ್ಯೋಪಾಧ್ಯಾಯರು ಬೇಡವೆನ್ನಲಿಲ್ಲ, ಅವರಿಗೆ ನಾನು ಅದನ್ನು ತೋರಿಸಿಯೇ ಇರಲಿಲ್ಲ. ಆ ಧಣಿಯರಾದರೂ ಓದಿದ್ದರೆ ಏನೆನ್ನುತ್ತಿದ್ದರೋ, ನನಗೆ ತಿಳಿಯದು. ಯಾರ ಆಜ್ಞೆಯೂ ಇಲ್ಲದೆ, ನಾನಾಗಿಯೇ ಆ ಹಾಳೆಯನ್ನು ತೆಗೆದು ಮೇಜಿನ ಖಾನೆಯಲ್ಲಿಟ್ಟೆ. ತೆರವಾದ ಜಾಗದಲ್ಲಿ ದುಂಡಗಿನ ಅಕ್ಷರದ ಮತ್ತೊಬ್ಬ ಹುಡುಗನಿಂದ ಇಪ್ಪತ್ತು ಅಂಶಗಳ ಕಾರ್ಯಕ್ರಮವನ್ನು ಬರೆಸಿ ಅಂಟಿಸಿದೆ. ಜೀತ ವಿಮುಕ್ತಿಯ ಅಂಶವೂ ಅದರಲ್ಲಿತ್ತು.

ಧ್ವಜವಂದನೆ ಮುಗಿದು ಪೇಡೆ ಹಂಚಿದ ಮೇಲೆ ಆ ಹುಡುಗ ಭಿತ್ತಿಪತ್ರಿಕೆಯ ಮುಂದೆ ಬಹಳ ಹೊತ್ತು ನಿಂತಿದ್ದ. ಬಳಿಕ ನನ್ನ ಬಳಿ ಬಂದು, "ಸರ್, ನಂದ್ರಾಗ ತಪ್ಪು ಭಾಳ ಇದ್ವೇನ್ರಿ?" ಎಂದು ಕೇಳಿದ. ತಪ್ಪು ಒಂದೂ ಇರಲಿಲ್ಲ. ನಾನು, "ತಪ್ಪೇನಿಲ್ಲೋ, ನಿನ್ನ ಅಕ್ಷರ ದುಂಡಗಿಲ್ಲ" ಎಂದೆ. ಅವನು ತಲೆಯಾಡಿಸಿ ಹೋದ. ಆ ಹಾಳೆಯನ್ನು ಅವನು ಮರಳಿ ಕೇಳಲಿಲ್ಲ, ನಾನೂ ಕೊಡಲಿಲ್ಲ. ಮುಂದೆ ವರ್ಗವಾಗಿ ಮನೆ ಬದಲಿಸುವಾಗ ಎಲ್ಲಿಯೋ ಕಳೆದುಹೋಯಿತು.

ಅದೇ ದಿನಗಳಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಸ್ನೇಹಲತಾ ರೆಡ್ಡಿಯವರಿದ್ದರೆಂಬುದು ನನಗೆ ತಿಳಿದದ್ದು ಆಮೇಲೆ. 1970ರಲ್ಲಿ ತೆರೆಕಂಡ 'ಸಂಸ್ಕಾರ' ಚಲನಚಿತ್ರದಲ್ಲಿ ಚಂದ್ರಿಯ ಪಾತ್ರ ವಹಿಸಿದ ಕಲಾವಿದೆ ಅವರು. 1976ರ ಮೇ ತಿಂಗಳಲ್ಲಿ ಅವರನ್ನು ಬಂಧಿಸಿದರು. ಉಬ್ಬಸದ ಬೇನೆಯಿದ್ದ ಆ ತಾಯಿ ಒಳಗೆ ದಿನಚರಿಯನ್ನು ಬರೆದರು. ಜೊತೆಯಲ್ಲಿದ್ದ ಬಡ ಹೆಣ್ಣು ಬಂದಿಗಳ ಊಟಕ್ಕಾಗಿ, ಅವರ ಮೇಲಿನ ಹೊಡೆತಗಳನ್ನು ನಿಲ್ಲಿಸುವುದಕ್ಕಾಗಿ ಅಧಿಕಾರಿಗಳೊಡನೆ ವಾದಿಸಿದರು. 1977ರ ಜನವರಿಯಲ್ಲಿ, ಆರೋಗ್ಯ ಪೂರ್ಣವಾಗಿ ಕುಸಿದ ಮೇಲೆ ಪೆರೋಲಿನ ಮೇಲೆ ಬಿಟ್ಟರು. ಜನವರಿ 20ರಂದು ಅವರು ತೀರಿಕೊಂಡರು. ಅವರ ಸೆರೆಮನೆಯ ದಿನಚರಿ ಅವರ ತರುವಾಯ ಅಚ್ಚಾಯಿತು. ಇತ್ತ ಧಾರವಾಡದಲ್ಲಿ, 'ಸಂಕ್ರಮಣ' ಪತ್ರಿಕೆಯ ಚಂದ್ರಶೇಖರ ಪಾಟೀಲರು, ನಮ್ಮೆಲ್ಲರ ಚಂಪಾ, ಅದೇ ತುರ್ತು ಪರಿಸ್ಥಿತಿಯಲ್ಲಿ 26 ದಿನಗಳ ಸೆರೆವಾಸವನ್ನು ಅನುಭವಿಸಿದರು. ಅವರೂ ನನ್ನಂತೆ ಪಾಠ ಹೇಳಿ ಸಂಬಳ ಪಡೆಯುವವರೇ ಆಗಿದ್ದರು. ಒಬ್ಬರು ಸೆರೆಯಲ್ಲಿದ್ದು ಬರೆದರು. ಇನ್ನೊಬ್ಬರು ಬರೆದು ಸೆರೆಗೆ ಹೋಗಲು ಸಿದ್ಧರಾದರು. ನಾನು ಸೆರೆಯ ಹೊರಗೆ ಕುಳಿತು, ಮತ್ತೊಬ್ಬನು ಬರೆದುದನ್ನು ಸೆರೆಗೆ ಹಾಕಿದೆ.

ಸುಮಾರು ಇಪ್ಪತ್ತು ವರ್ಷಗಳ ಮೇಲೆ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಒಬ್ಬ ಗೃಹಸ್ಥನು ಬಂದು ನನ್ನ ಪಾದ ಮುಟ್ಟಿ ನಮಸ್ಕರಿಸಿದ. ಆ ಹುಡುಗನೇ! ಓದಿ, ದೂರದ ಊರಿನಲ್ಲಿ ಸರಕಾರಿ ನೌಕರಿಯಲ್ಲಿದ್ದ. ಅಣ್ಣನು ಜೀತದಿಂದ ಬಿಡುಗಡೆಯಾಗಿ ಬಹಳ ವರ್ಷಗಳಾದವೆಂದೂ, ಕಾಲುವೆಯ ಕೆಳಗೆ ಎರಡು ಎಕರೆ ಲಾವಣಿಗೆ ಮಾಡುತ್ತಿರುವನೆಂದೂ ತಿಳಿಸಿದ. ನನಗೆ ಹಗುರವೆನಿಸಿತು. ಮಾತಿಗೆ ಮಾತು ಬಂದು, "ಈಗೇನಾದರೂ ಬರೀತಿಯೇನಪಾ?" ಎಂದು ಕೇಳಿದೆ. ಅವನು ನಕ್ಕು, "ಇಲ್ರೀ ಸರ್, ನನ್ನ ಅಕ್ಷರ ಇನ್ನೂ ದುಂಡಗ ಆಗಿಲ್ರೀ" ಎಂದ. ಆ ಮಾತಿನಲ್ಲಿ ಕಹಿಯಿರಲಿಲ್ಲ. ಬಸ್ಸು ಬಂದಿತು, ಹತ್ತಿ ಹೋದ. ನಾನು ಮಾತ್ರ ನನ್ನ ಬಸ್ಸು ಬಂದು ಹೋದುದನ್ನೂ ಗಮನಿಸದೆ ಕುಳಿತಿದ್ದೆ.

ನಿವೃತ್ತಿಯ ನಂತರ ಸೆರೆಮನೆಯಲ್ಲಿದ್ದು ಬರೆದವರ ವಿಷಯವನ್ನು ಹುಡುಕಿ ಹುಡುಕಿ ಓದತೊಡಗಿದೆ. ಆಫ್ರಿಕೆಯ ಕೀನ್ಯಾ ದೇಶದ ಗೂಗಿ ವಾ ಥಿಯಾಂಗೊ ಎಂಬ ಲೇಖಕರ ಸಂಗತಿ ನನ್ನ ಮನಸ್ಸಿನಲ್ಲಿ ಬಹಳ ನಿಂತಿತು. ಹಳ್ಳಿಯ ಜನರನ್ನು ಕೂಡಿಸಿಕೊಂಡು ಅವರದೇ ನುಡಿಯಾದ ಗಿಕುಯು ಭಾಷೆಯಲ್ಲಿ ನಾಟಕವಾಡಿಸಿದ್ದೇ ಅವರ ಅಪರಾಧವಾಯಿತು. 1977ರ ಡಿಸೆಂಬರ್ 31ರಂದು ಅವರನ್ನು ಹಿಡಿದರು. ವಿಚಾರಣೆಯಿಲ್ಲದೆ ಒಂದು ವರ್ಷದಷ್ಟು ಕಾಲ ಒಳಗಿಟ್ಟರು. ಅದುವರೆಗೆ ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಕೀರ್ತಿ ಪಡೆದಿದ್ದ ಅವರು, ಸೆರೆಯಲ್ಲಿ ಶೌಚಕ್ಕೆಂದು ಕೊಡುತ್ತಿದ್ದ ಒರಟು ಕಾಗದದ ಮೇಲೆ ತಾಯಿನುಡಿಯಲ್ಲಿ ತಮ್ಮ ಮೊದಲ ಕಾದಂಬರಿಯನ್ನು ಬರೆದರು. 2025ರಲ್ಲಿ ಅವರು ಕಾಲವಾದರು. ನಮ್ಮ ಶಾಲೆಗಳಲ್ಲಿ ಬಿಳಿಯ ಹಾಳೆಗಳಿಗೆ ಕೊರತೆಯಿಲ್ಲ, ತಾಯಿನುಡಿಗೆ ಅಡ್ಡಿಯಿಲ್ಲ. ಆದರೂ ನಮ್ಮ ಮಕ್ಕಳ ಹಾಳೆಗಳ ಮೇಲೆ ನಿಜವಾದ ಒಂದು ವಾಕ್ಯ ಬೀಳುವುದು ಏಕೆ ಇಷ್ಟು ಅಪರೂಪವಾಗಿದೆ?

ಇಂದು ಮಾತಿಗೇನೂ ಬರವಿಲ್ಲ. ಸಂವಿಧಾನದ 19ನೆಯ ಅನುಚ್ಛೇದವು 1950ರಿಂದ ನಮಗೆ ವಾಕ್ ಸ್ವಾತಂತ್ರ್ಯವನ್ನು ಕೊಟ್ಟಿದೆ. ಇತ್ತೀಚಿನ ವರ್ಷಗಳಲ್ಲಿ ಮೊಬೈಲು ಪ್ರತಿಯೊಬ್ಬರ ಕೈಗೂ ಒಂದು ಮುದ್ರಣಾಲಯವನ್ನೇ ಕೊಟ್ಟಿದೆ. ದೂರದ ಊರಿನ ಕಾಣದ ಮನುಷ್ಯನನ್ನು ಬೈಯುವುದಕ್ಕೆ ನಮಗೆ ಅಂಜಿಕೆಯಿಲ್ಲ. ಆದರೆ ನಮ್ಮ ಓಣಿಯ ಅನ್ಯಾಯವನ್ನು, ನಮ್ಮ ಜಾತಿಯ ಜನರ ತಪ್ಪನ್ನು, ನಮಗೆ ಅನ್ನ ಕೊಡುವವರ ಲೋಪವನ್ನು ಹೇಳಬೇಕಾದಾಗ ನಾಲಗೆ ಒಣಗುತ್ತದೆ. ಬೆಲೆಯಿಲ್ಲದ ಕಡೆ ಗದ್ದಲ ಮಾಡಿ, ಬೆಲೆ ತೆರಬೇಕಾದ ಕಡೆ ಸುಮ್ಮನಿರುವುದನ್ನು ನಾವು ಸ್ವಾತಂತ್ರ್ಯವೆಂದು ತಿಳಿದುಕೊಂಡಿದ್ದೇವೆ. ಆ ಬೆಲೆಯ ಕಾಲ ಮುಗಿದು ಹೋಯಿತೆಂದೂ ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಗ್ರಂಥಾಲಯಗಳಲ್ಲಿ ಸಮಗ್ರ ವಚನ ಸಂಪುಟಗಳನ್ನು ತೆರೆದರೆ ಸಂಪಾದಕರ ಸ್ಥಾನದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಹೆಸರು ಕಾಣುತ್ತದೆ. ತಮಗೆ ಸತ್ಯವೆಂದು ಕಂಡುದನ್ನು ಬರೆದು, ಮೊದಲು ತಮ್ಮವರಿಂದಲೇ ನೊಂದ ಆ ವಿದ್ವಾಂಸರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯ ಬಾಗಿಲಲ್ಲಿಯೇ ಗುಂಡಿಟ್ಟು ಕೊಂದರು. ತಲಬಾಗಿಲು ಮುಂದೆ ಮಾಡಿ ಬರುತ್ತಿದ್ದ ನಮ್ಮ ತಂದೆಯವರನ್ನು ಅಂದು ನಾನು ಬಹಳ ನೆನೆದೆ.

ಅನುಭವ ಮಂಟಪದ ಹೆಸರನ್ನು ನಾವು ಪ್ರತಿ ಸಮಾರಂಭದಲ್ಲಿಯೂ ಹೇಳುತ್ತೇವೆ. ಚಮ್ಮಾರನು, ಅಂಬಿಗನು, ಕಸ ಗುಡಿಸುವ ಹೆಣ್ಣುಮಗಳು ತಮ್ಮ ತಮ್ಮ ನುಡಿಯಲ್ಲಿ ಆಡಿದ ಮಾತಿಗೆ ಅಲ್ಲಿ ಮನ್ನಣೆಯಿತ್ತು. ಅವರ ಅಕ್ಷರ ದುಂಡಗಿದೆಯೇ ಎಂದು ಯಾರೂ ಕೇಳಲಿಲ್ಲ. ಕಲ್ಯಾಣದ ಕ್ರಾಂತಿಯ ಕಾಲದಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳಿಸಿದರೆಂದು ಪರಂಪರೆ ಹೇಳುತ್ತದೆ. ಎಂಟು ಶತಮಾನಗಳ ತರುವಾಯ ಫ. ಗು. ಹಳಕಟ್ಟಿಯವರು ವಕೀಲಿಯ ಗಳಿಕೆಯನ್ನು ಬದಿಗಿಟ್ಟು ತಾಡೋಲೆಗಳಿಗಾಗಿ ಊರೂರು ಅಲೆದು, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಮಾತನ್ನು ಆಡುವುದು ಎಷ್ಟು ಧೈರ್ಯದ ಕೆಲಸವೋ, ಮತ್ತೊಬ್ಬರ ಮಾತನ್ನು ಕಾಪಾಡುವುದೂ ಅಷ್ಟೇ ಹೊಣೆಯ ಕೆಲಸ. ಶಿಕ್ಷಕನ ಪಾಲಿಗೆ ಬರುವುದು ಹೆಚ್ಚಾಗಿ ಈ ಎರಡನೆಯ ಕೆಲಸವೇ. ನಾನು ಸೋತದ್ದು ಅದರಲ್ಲಿ.

ಆದ್ದರಿಂದ ಈ ಸಂಚಿಕೆಯ ಮೂಲಕ ನನ್ನದೊಂದು ಬಿನ್ನಹ. ನಮ್ಮ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಪ್ರತಿ ವರ್ಷವೂ ನಾಲ್ಕು ಪುಟಗಳನ್ನು ಮಕ್ಕಳಿಗಾಗಿ ಮೀಸಲಿಡಬೇಕು. ತಮ್ಮ ಮನೆಯಲ್ಲಿ, ಹೊಲದಲ್ಲಿ, ಓಣಿಯಲ್ಲಿ ಕಂಡುದನ್ನು ಅವರು ಅಲ್ಲಿ ಬರೆಯಲಿ. ಶಿಕ್ಷಕರು ಕಾಗುಣಿತವನ್ನು ತಿದ್ದಲಿ, ಸಂಗತಿಯನ್ನು ತಿದ್ದದಿರಲಿ. ದಾನಿಗಳಲ್ಲಿ ಕೈಮುಗಿದು ಕೇಳಿಕೊಳ್ಳುವುದೇನೆಂದರೆ, ಆ ಪುಟಗಳಲ್ಲಿ ಎಂದಾದರೂ ತಮಗೆ ಹಿತವಾಗದ ಒಂದು ವಾಕ್ಯ ಕಂಡರೆ ಅದನ್ನು ಬರೆದ ಮಗುವನ್ನು ಕರೆದು ಬೆನ್ನು ತಟ್ಟಬೇಕು. ಕೋಣೆಗಳಿಗೆ ತಗಡು ಹೊದಿಸುವುದಕ್ಕಿಂತ ಅದು ಕಡಿಮೆಯ ದಾನವಲ್ಲ. ಶಿಕ್ಷಕ ಬಂಧುಗಳಿಗೆ ಹೇಳುವಷ್ಟು ಅರ್ಹತೆ ನನಗಿಲ್ಲ. ನನ್ನ ತಪ್ಪನ್ನು ಹೇಳಿದ್ದೇನೆ, ಅಷ್ಟು ಸಾಕು.

ಮಸ್ಕಿಯ ಬಂಡೆಯ ಮೇಲೆ ಅಶೋಕನು ಹೇಳಿಸಿದ ಮಾತಿನ ತಾತ್ಪರ್ಯ, ಧರ್ಮದಲ್ಲಿ ನಿರತನಾದ ಸಣ್ಣವನೂ ಮೇಲಿನ ಗುರಿಯನ್ನು ಮುಟ್ಟಬಲ್ಲನು, ಅದು ದೊಡ್ಡವರಿಗಷ್ಟೇ ಮೀಸಲೆಂದು ಭಾವಿಸಬಾರದು ಎಂಬುದು. ನಮ್ಮ ಹುಡುಗರು ಪ್ರವಾಸಕ್ಕೆಂದು ಹೋಗಿ ಆ ಬಂಡೆಯನ್ನು ನೋಡಿ ಬರುತ್ತಾರೆ. ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದ ಆ ಹುಡುಗನ ನಾಲ್ಕು ವಾಕ್ಯಗಳಿಗೆ ಬಂಡೆ ದೊರೆಯಲಿಲ್ಲ, ರಟ್ಟಿನ ಹಾಳೆಯ ಮೇಲೂ ಜಾಗ ದೊರೆಯಲಿಲ್ಲ. ಐವತ್ತು ವರ್ಷಗಳ ತರುವಾಯ ಈ ಸಂಚಿಕೆಯಲ್ಲಿ ಅವು ಅಚ್ಚಾಗುತ್ತಿವೆ. ಇದರ ಒಂದು ಪ್ರತಿಯನ್ನು ಅವನಿಗೆ ಕಳುಹಬೇಕೆಂದಿದ್ದೇನೆ. ಅವನ ಅಕ್ಷರದಲ್ಲಿ ಯಾವ ಕುಂದೂ ಇರಲಿಲ್ಲವೆಂದು ಮೊದಲ ಪುಟದ ಮೇಲೆ ನನ್ನ ಕೈಯಾರೆ ಬರೆದು ಕಳುಹುತ್ತೇನೆ. ಶರಣು.